ನಾಚಿಕೆ ಯಾರದು?

ನಾಲ್ಕು ಜನ ಕುಳಿತಲ್ಲಿ ಮಂಡಿನೋವಿನ ಮಾತೆದ್ದರೆ ಪ್ರತಿಯೊಬ್ಬರಿಗೂ ಹೇಳಲು ಒಂದು ಕಥೆ ಇರುತ್ತದೆ. ಸಕ್ಕರೆ ಕಾಯಿಲೆಯವರಂತೂ ತಮ್ಮ ರಕ್ತದ ಲೆಕ್ಕವನ್ನು ಪರೀಕ್ಷೆಯ ಅಂಕಗಳಂತೆ ಸಾರುತ್ತಾರೆ. ಆದರೆ ಕೆಮ್ಮಿದಾಗ, ನಕ್ಕಾಗ, ಬಚ್ಚಲುಮನೆ ತಲಪುವ ಮೊದಲೇ ಮೂತ್ರ ಜಾರಿಬಿಡುವ ತೊಂದರೆಯನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡದ್ದು ಕಡಮೆ. ಹೋಗುವುದಕ್ಕೆ ನಮ್ಮಲ್ಲಿ ‘ಒಂದಕ್ಕೆ’, ‘ಜಲಬಾಧೆ’ ಎಂಬ ಮರ್ಯಾದೆಯ ಮಾತುಗಳಿವೆ. ಕೇಳದೆಯೇ ಹೋಗಿಬಿಟ್ಟದ್ದಕ್ಕೆ ಅಂಥ ಮಾತೊಂದು ಇದ್ದಂತೆ ಕಾಣೆ.

ಈ ಮೌನದ ಬೆಲೆ ಸಣ್ಣದಲ್ಲ. ನನಗೆ ಪರಿಚಯದ ಹಿರಿಯ ಮಹಿಳೆಯೊಬ್ಬರು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು. ಕರೆಯಲು ಬಂದವರಿಗೆಲ್ಲ ಮಂಡಿನೋವೆಂದು ಹೇಳುತ್ತಿದ್ದರು. ಮಂಡಿ ಚೆನ್ನಾಗಿಯೇ ಇತ್ತು.

ಅವರು ನಾಚಬೇಕಾದದ್ದು ಏತಕ್ಕೆ? ನಾಚಿಕೆ ದೊಡ್ಡ ಗುಣವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬೇರೆ ರೀತಿ ನಡೆಯಬಹುದಾಗಿದ್ದು ಹಾಗೆ ನಡೆಯದಿದ್ದವನಿಗೆ ಅದು ಸಲ್ಲಬೇಕು. ಹೆರಿಗೆಯಿಂದಲೋ ವಯಸ್ಸಿನಿಂದಲೋ ಸ್ನಾಯು ಸಡಿಲಾದರೆ ಅದರಲ್ಲಿ ಇಚ್ಛೆಯ ಪಾತ್ರವೆಲ್ಲಿ? ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಇದಕ್ಕೆ ಒಪ್ಪುವ ವಿಂಗಡಣೆಯೊಂದಿದೆ. ತಡೆಯಬಾರದ ವೇಗಗಳು 13 ಎಂದು ಹೇಳಿ, ಅದು ಮೂತ್ರವನ್ನು ಮೊದಲಿಗೇ ಎಣಿಸುತ್ತದೆ. ತಡೆಯಬೇಕಾದ ವೇಗಗಳೂ ಅಲ್ಲಿಯೇ ಇವೆ: ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ, ಬಿರುನುಡಿ. ದೇಹದ ವೇಗಕ್ಕೆ ಪಥ್ಯ ಬೇಕು. ನೀತಿಯ ಕಟ್ಟುಪಾಡು ಬೇಕಾದದ್ದು ಮನಸ್ಸಿನ ಮತ್ತು ನಾಲಗೆಯ ವೇಗಕ್ಕೆ.

ಹಾಗಾದರೆ ತಪ್ಪಿಲ್ಲವೆಂದ ಮೇಲೆ ಹೊಣೆಯೂ ಇಲ್ಲವೆ? ಇದೆ ಎಂದೇ ನನ್ನ ಭಾವನೆ. ಏಕೆಂದರೆ ದಿನಚರಿಯಲ್ಲಿ ನಮ್ಮ ಕೈಗೆ ಸಿಕ್ಕುವ ಉಪಾಯಗಳು ಹಲವಿವೆ. ಗುಟ್ಟಾಗಿಟ್ಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ನೀರು ಬಿಡುವುದು. ಅದು ತಿರುಗುಬಾಣ. ನೀರು ಕಡಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಸೇರಿ ಒತ್ತಡ ಹೆಚ್ಚುತ್ತದೆ. ಬಿಡಬೇಕಾದದ್ದು ನೀರನ್ನಲ್ಲ, ಮೂರನೆಯ ಲೋಟ ಕಾಫಿಯನ್ನು. ಮಲಗುವ ಮುಂಚಿನ ಎರಡು ಗಂಟೆ ಕುಡಿಯುವುದನ್ನು ಮಿತಗೊಳಿಸಿದರೆ ರಾತ್ರಿಯ ಓಡಾಟ ತಗ್ಗುತ್ತದೆ.

ಎರಡನೆಯದು ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಬರೆದು ಪ್ರಚಾರಕ್ಕೆ ತಂದರು. ಅಪಾನವಾಯುವನ್ನು ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು, ಉಸಿರು ಹಿಡಿಯದೆ, ಬಿಗಿದು ಕೆಲವು ಎಣಿಕೆ ನಿಲ್ಲಿಸಿ ಸಡಿಲಿಸುವುದು. ಸಲಕ್ಕೆ 8ರಂತೆ ದಿನಕ್ಕೆ 3 ಸಲ. ಬಸ್ಸಿನಲ್ಲಿ ಕುಳಿತು ಮಾಡಿದರೂ ಪಕ್ಕದವರಿಗೆ ತಿಳಿಯದು. 3 ತಿಂಗಳಾದರೂ ಬಿಡದೆ ನಡೆಸಬೇಕು. ಮೂರನೆಯದು, ಗಳಿಗೆಗೊಮ್ಮೆ ಅವಸರಪಡಿಸುವ ಮೂತ್ರಕೋಶಕ್ಕೆ ಸಾವಕಾಶ ಕಲಿಸುವುದು: ಎರಡು ಸಲಗಳ ನಡುವಿನ ಅಂತರವನ್ನು 10–15 ನಿಮಿಷದಂತೆ ವಾರವಾರ ಬೆಳೆಸುವುದು. ತಡೆಯಬಾರದೆಂದ ಚರಕನಿಗೆ ಇದು ವಿರುದ್ಧವಲ್ಲವೆ ಎಂದು ನೀವು ಕೇಳಬಹುದು. ಶೌಚಾಲಯವಿಲ್ಲದ ಊರಿನಲ್ಲಿ ದಿನವಿಡೀ ಅದುಮಿಟ್ಟುಕೊಳ್ಳುವ ಹೆಂಗಸರ ಪಾಡು ಬೇರೆ, ಸುಳ್ಳು ಕರೆಗೆ ಒಂದಿಷ್ಟು ತಡೆದು ಓಗೊಡುವುದು ಬೇರೆ.

ತೂಕದ ಮಾತೂ ಉಂಟು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೂಕ ಹೆಚ್ಚಿದ್ದ 338 ಹೆಂಗಸರಿದ್ದರು. ಆಹಾರ ವ್ಯಾಯಾಮಗಳ ಶಿಸ್ತಿಗೆ ಸೇರಿದವರು ಆರು ತಿಂಗಳಲ್ಲಿ ಸರಾಸರಿ ನೂರಕ್ಕೆ 8ರಷ್ಟು ತೂಕ ಇಳಿಸಿದರು. ಅವರ ತೊಂದರೆ ನೂರಕ್ಕೆ 47ರಷ್ಟು ತಗ್ಗಿತು. ಬರಿಯ ತಿಳಿವಳಿಕೆ ಪಡೆದ ಗುಂಪಿನಲ್ಲಿ ತಗ್ಗಿದ್ದು 28.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ಉಪಾಯವಿದೆಯೆಂದು ತಿಳಿದೊಡನೆ ನಾವು ಅದನ್ನೇ ಹೊಸ ಆಪಾದನೆಯಾಗಿ ಮಾಡಿಬಿಡುತ್ತೇವೆ: “ಹೇಳಿದಂತೆ ಮಾಡಿದ್ದರೆ ಹೀಗಾಗುತ್ತಿತ್ತೆ?” ಯತ್ನ ಮನುಷ್ಯನದು, ಫಲವೆಲ್ಲ ಅವನ ಕೈಲಿಲ್ಲ. ಎಲ್ಲವನ್ನೂ ಪಾಲಿಸಿದವರಿಗೂ ಔಷಧವೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಮೂತ್ರದಲ್ಲಿ ರಕ್ತ, ಉರಿ ಕಂಡರೆ, ತೊಂದರೆ ತಟಕ್ಕನೆ ಬಂದು ಕಾಲಿನ ಬಲವೂ ಕುಂದಿದರೆ, ವೈದ್ಯರಲ್ಲಿಗೆ ಹೋಗುವುದನ್ನು ನಾಳೆಗೆ ಹಾಕಬಾರದು.

ಉಳಿದದ್ದು ಮನೆಯವರ ಪಾಲು. ಅಜ್ಜ ಹೊದಿಕೆ ಒದ್ದೆ ಮಾಡಿಕೊಂಡನೆಂದು ಮೊಮ್ಮಗ ನಕ್ಕಾಗ, “ಮತ್ತೆ ಎದ್ದಿರಾ?” ಎಂದು ಸೊಸೆಯೋ ಮಗನೋ ಗೊಣಗಿದಾಗ, ಆ ಮನೆಯಲ್ಲಿ ವೇಗವನ್ನು ತಡೆಯಲಾರದೆ ಹೋದವರು ಇಬ್ಬರು. ಒಬ್ಬರಿಗೆ ತಡೆಯುವ ಶಕ್ತಿ ಇರಲಿಲ್ಲ, ಇನ್ನೊಬ್ಬರಿಗೆ ಇತ್ತು. ನಾಚಿಕೆ ಯಾರಿಗೆ ಸಲ್ಲಬೇಕೆಂಬುದನ್ನು ವಾಚಕರೇ ತೀರ್ಮಾನಿಸಲಿ. ಅಷ್ಟರಲ್ಲಿ ಬಚ್ಚಲುಮನೆಯ ದಾರಿಗೆ ರಾತ್ರಿಯೊಂದು ಸಣ್ಣ ದೀಪ ಹಾಕಿಡಬಹುದು. ಮದುವೆಮನೆಯಲ್ಲಿ ಹಿರಿಯರಿಗೆ, ಅವರು ಕೇಳುವ ಮೊದಲೇ, ಬಾಗಿಲ ಹತ್ತಿರದ ಕುರ್ಚಿ ಹಿಡಿದಿಡಬಹುದು.