ಔಷಧದ ಹೆಸರೂ ಸತ್ಯಾಣುವ್ರತವೂ

ವೈದ್ಯಶಾಸ್ತ್ರದ ಹೆಸರುಗಳು ಬಹುಮಟ್ಟಿಗೆ ಗ್ರೀಕ್ ಹಾಗೂ ಲ್ಯಾಟಿನ್ ಮೂಲಪದಗಳಿಂದ ರಚಿತವಾದವು. 'ಹೆಪಟೈಟಿಸ್' ಎಂಬಲ್ಲಿ 'ಹೆಪಾರ್' ಎಂದರೆ ಯಕೃತ್ತು, 'ಐಟಿಸ್' ಎಂದರೆ ಉರಿಯೂತ. ಪದವನ್ನು ಬಿಡಿಸಿದರೆ ಅರ್ಥ ತಾನಾಗಿ ಹೊಳೆಯುತ್ತದೆ.

ಆದರೆ ವ್ಯುತ್ಪತ್ತಿಯು ಎಲ್ಲವನ್ನೂ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ 'ಹೆಪಾರಿನ್'. ನಾಯಿಯ ಯಕೃತ್ತಿನಿಂದ ಪಡೆದ ವಸ್ತುವಿಗೆ 1918ರಲ್ಲಿ ಈ ಹೆಸರಾಯಿತು. ಇಂದು ಅದನ್ನು ಬಹುಪಾಲು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಹೆಸರಿನಲ್ಲಿ ಯಕೃತ್ತು ಉಳಿದಿದೆ, ಹಂದಿಯು ಕಾಣುವುದಿಲ್ಲ.

ಅಹಿಂಸಾಣುವ್ರತಿಯಾದ ರೋಗಿಗೆ ಆ ಹೆಸರನ್ನಷ್ಟೇ ಹೇಳಿದ ವೈದ್ಯನು ಸುಳ್ಳಾಡಲಿಲ್ಲ. ಆದರೂ ರೋಗಿಗೆ ಸತ್ಯವು ತಲುಪಲಿಲ್ಲ. ಕೇಳುವವನಿಗೆ ತಿಳಿಯುವಂತೆ ನುಡಿಯುವುದೂ ಸತ್ಯದ ಅಂಗವೇ. ಶ್ರಾವಕನಿಗೂ ಹೊಣೆಯುಂಟು: ಅರಿಯಬಹುದಾದುದನ್ನು ವಿಚಾರಿಸದಿರುವುದು ಪ್ರಮಾದ.

ತುರ್ತಿನಲ್ಲಿ ಪ್ರಾಣರಕ್ಷಣೆಯೇ ಮೊದಲು. ವೈದ್ಯರ ಸಲಹೆಯಿಲ್ಲದೆ ಮದ್ದನ್ನು ನಿಲ್ಲಿಸುವುದು ಸಲ್ಲದು. ಸಮಯವಿದ್ದಾಗ ಔಷಧದ ಮೂಲವೇನು, ಬದಲಿಯುಂಟೆ ಎಂದು ಕೇಳಬೇಕು. ರಾಸಾಯನಿಕವಾಗಿ ತಯಾರಾಗುವ ಫೊಂಡಾಪರಿನಕ್ಸ್ ಕೆಲವು ಸಂದರ್ಭಗಳಲ್ಲಿ ಒದಗೀತು. ಬಸದಿಗಳ ಟ್ರಸ್ಟುಗಳು ತಮ್ಮ ಆರೋಗ್ಯ ಶಿಬಿರಗಳಲ್ಲಿ ಔಷಧದ ಹೆಸರಿನೊಡನೆ ಅದರ ಮೂಲವನ್ನೂ ಕನ್ನಡದಲ್ಲಿ ಬರೆದುಕೊಟ್ಟರೆ, ಅದು ಭಾಷಾಸಮಿತಿಯ ಆಶಯಕ್ಕೆ ಒಪ್ಪುವ ಸೇವೆಯಾದೀತು.