ವ್ರತವೂ ವಿಸ್ತಾರವೂ

ಒಬ್ಬನು ಒಂದು ಕಾರ್ಯಕ್ಕೆಂದು ಸಂಕಲ್ಪಮಾಡಿ ಹೊರಟು, ದಾರಿಯಲ್ಲಿ ಮತ್ತೊಂದು ಅನ್ಯಾಯವನ್ನು ಕಂಡು ಅದರ ಕಡೆಗೂ ತಿರುಗಿದನೆಂದರೆ, ಅದು ಧರ್ಮದ ಬೆಳವಣಿಗೆಯೋ ವ್ರತಭಂಗವೋ? ಪ್ರಶ್ನೆಯು ಹಳೆಯದು. ಭೂಮಿಯ ತಾಪವು ಏರುತ್ತಿರುವುದನ್ನು ಕುರಿತು ಲೋಕದ ಎಳೆಯರು ಎಬ್ಬಿಸಿದ ಚಳುವಳಿಯು ಅದನ್ನು ಮತ್ತೆ ಹರಿತವಾಗಿ ಮುಂದಿಟ್ಟಿದೆ.

೨೦೧೮ನೆಯ ಇಸವಿ ಆಗಸ್ಟ್ ೨೦ನೆಯ ತಾರೀಖು, ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನ ಪಾರ್ಲಿಮೆಂಟ್ ಭವನದ ಹೊರಗೆ, ಹದಿನೈದು ವರ್ಷದ ಬಾಲಿಕೆಯೊಬ್ಬಳು ಶಾಲೆಗೆ ಹೋಗದೆ ಒಂದು ಹಲಗೆಯನ್ನು ಪಕ್ಕದಲ್ಲಿರಿಸಿಕೊಂಡು ಕುಳಿತಳು. ಗ್ರೇಟಾ ಥನ್‌ಬರ್ಗ್ ಎಂಬ ಆಕೆಯ ಹಲಗೆಯ ಮೇಲೆ ಹವಾಮಾನಕ್ಕಾಗಿ ಶಾಲಾ ಮುಷ್ಕರ ಎಂಬಷ್ಟೇ ಬರೆದಿತ್ತು. ಸೆಪ್ಟೆಂಬರಿನ ಚುನಾವಣೆಯವರೆಗೆ ಹೀಗೆ ಕುಳಿತು, ಅನಂತರ ಶುಕ್ರವಾರಗಳಲ್ಲಿ ಕುಳ್ಳಿರುವ ನೇಮವನ್ನು ಹಿಡಿದಳು. ೨೦೧೯ರ ಮಾರ್ಚಿ ೧೫ರಂದು ನೂರಕ್ಕೂ ಮಿಕ್ಕ ದೇಶಗಳಲ್ಲಿ ವಿದ್ಯಾರ್ಥಿಗಳು ಪಾಠ ಬಿಟ್ಟು ಬೀದಿಗಿಳಿದರು. ಬೇಡಿಕೆಯು ಒಂದೇ: ವಿಜ್ಞಾನಿಗಳ ಮಾತನ್ನು ಕೇಳಿರಿ, ಕಲ್ಲಿದ್ದಲು ಎಣ್ಣೆಗಳ ಹೊಗೆಯನ್ನು ತಗ್ಗಿಸಿರಿ. ಆ ಏಕಾಗ್ರತೆಯೇ ಅವರ ಬಲವಾಗಿತ್ತು. ಇದರಲ್ಲಿ ಪಕ್ಷವಿಲ್ಲ, ಪಂಗಡವಿಲ್ಲ ಎಂದು ಅನೇಕ ಹಿರಿಯರೂ ತಲೆದೂಗಿದರು.

ಐದು ವರ್ಷಗಳ ಬಳಿಕ, ೨೦೨೩ರ ನವೆಂಬರ್ ೧೨ರಂದು, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತಾರು ಸಾವಿರ ಜನರು ಹವಾಮಾನದ ಮೆರವಣಿಗೆಗೆ ಸೇರಿದ್ದರು. ಅಕ್ಟೋಬರ್ ೭ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಹತ್ಯೆಗಳೂ, ಅವುಗಳ ಬೆನ್ನಿಗೆ ಇಸ್ರೇಲ್ ಗಾಜಾದ ಮೇಲೆ ಹೂಡಿದ ಯುದ್ಧವೂ ಆಗ ಎಲ್ಲರ ಮನಸ್ಸನ್ನೂ ಕಲಕಿದ್ದುವು. ಆ ತರುಣಿಯು ವೇದಿಕೆಯ ಮೇಲೆ ಪ್ಯಾಲೆಸ್ಟೈನಿನವಳೊಬ್ಬಳಿಗೂ ಆಫ್ಘಾನಿಸ್ತಾನದವಳೊಬ್ಬಳಿಗೂ ಮಾತನಾಡಲು ಎಡೆಗೊಟ್ಟಳು. ಆಗ ಸಭೆಯಿಂದ ಒಬ್ಬನು ಮೇಲೇರಿ ಆಕೆಯ ಧ್ವನಿವಾಹಕವನ್ನು ಹಿಡಿದುಕೊಂಡು, ತಾನು ಬಂದುದು ಹವಾಮಾನಕ್ಕಾಗಿಯೇ ಹೊರತು ರಾಜಕೀಯಾಭಿಪ್ರಾಯವನ್ನು ಕೇಳುವುದಕ್ಕಲ್ಲ ಎಂದನು. ಅವನನ್ನು ಕೆಳಗಿಳಿಸಿದರು, ಆಕೆ ಮಾತನ್ನು ಮುಂದುವರಿಸಿದಳು. ಇದಕ್ಕೆ ಕೆಲವು ದಿನಗಳ ಹಿಂದೆಯೇ ಜರ್ಮನಿಯ ಶಾಖೆಯವರು ಗಾಜಾದ ವಿಷಯದಲ್ಲಿ ಆಕೆಯ ನಿಲವಿನಿಂದ ದೂರ ನಿಂತಿದ್ದರು.

ಹಾಗೆ ವೇದಿಕೆಯೇರಿದವನನ್ನು ಅವಿವೇಕಿಯೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಧ್ವನಿವಾಹಕವನ್ನು ಕಿತ್ತುಕೊಳ್ಳಲು ಹೋದುದು ಅಸಭ್ಯವೇ ಸರಿ. ಅವನ ಮಾತಿನಲ್ಲಿ ಮಾತ್ರ ತಿರುಳಿದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಕೂಡಿಸಿದ ಹಣದಲ್ಲಿ ಧರ್ಮಕರ್ತನು ಛತ್ರವನ್ನು ಕಟ್ಟಿಸಿದರೆ, ಛತ್ರವು ಕೆಟ್ಟದ್ದೆಂದು ಯಾರೂ ಹೇಳರು. ಹಣ ಕೊಟ್ಟವರನ್ನು ಒಂದು ಮಾತು ಕೇಳಬೇಕಾಗಿತ್ತು ಎಂದು ಎಲ್ಲರೂ ಹೇಳುವರು. ಜನಸಂದಣಿಯೂ ಒಂದು ಬಗೆಯ ನಿಧಿಯೇ. ಬಂದವನು ತನ್ನ ಹೊತ್ತನ್ನೂ ಹೆಸರನ್ನೂ ಒಂದು ಉದ್ದೇಶಕ್ಕೆ ಮೀಸಲಿಟ್ಟು ಬಂದಿರುತ್ತಾನೆ. ಮೇಲಾಗಿ, ಹೊಗೆಯನ್ನು ತಗ್ಗಿಸುವ ಕೆಲಸಕ್ಕೆ ಪರಸ್ಪರ ವೈರಿಗಳಾದ ರಾಷ್ಟ್ರಗಳೂ ಕೂಡಿಬರಬೇಕು. ಅದಕ್ಕಾಗಿ ದುಡಿಯುವವರು ಒಂದು ಜಗಳದಲ್ಲಿ ಒಂದು ಕಡೆಗೆ ನಿಂತರೆ ಮತ್ತೊಂದು ಕಡೆಯವರ ಕಿವಿ ಮುಚ್ಚಿಹೋಗುವುದು.

ಇಷ್ಟನ್ನು ಒಪ್ಪಿದರೂ, ಈ ಆಕ್ಷೇಪದ ತಳದಲ್ಲಿ ಒಂದು ಭ್ರಮೆಯಿದೆ. ಹವಾಮಾನವು ಒಂದು ವಿಷಯ, ಮನುಷ್ಯನ ಹಕ್ಕುಗಳು ಬೇರೊಂದು ವಿಷಯ, ಇವೆರಡನ್ನೂ ಎಳೆಯರು ತಮ್ಮ ಉತ್ಸಾಹದಿಂದ ಗಂಟುಹಾಕಿದರು ಎಂಬುದೇ ಅದು. ಗಂಟು ಮೊದಲೇ ಬಿದ್ದಿತ್ತೆಂಬುದನ್ನು ಅರಿಯಬೇಕಾದರೆ ಯೂರೋಪನ್ನು ಬಿಟ್ಟು ಶಾಂತಸಾಗರದ ದ್ವೀಪಗಳ ಕಡೆಗೆ ನೋಡಬೇಕು.

ವನವಾಟು ಎಂಬುದು ಅಲ್ಲಿಯ ಒಂದು ದ್ವೀಪರಾಷ್ಟ್ರ. ಲೋಕದ ಹೊಗೆಯಲ್ಲಿ ಅದರ ಪಾಲು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಏರುವ ಕಡಲಿಗೂ ಬೀಸುವ ಬಿರುಗಾಳಿಗೂ ಎದೆಗೊಡುವ ಸರದಿ ಮಾತ್ರ ಅದಕ್ಕೆ ಮೊದಲು. ೨೦೧೯ರಲ್ಲಿ ಅದರ ರಾಜಧಾನಿಯಾದ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯದ ೨೭ ಮಂದಿ ಕಾನೂನಿನ ವಿದ್ಯಾರ್ಥಿಗಳು, ಬೇರೆಬೇರೆ ದ್ವೀಪಗಳಿಂದ ಬಂದವರು, ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಒಬ್ಬನ ಮಾಟದಿಂದ ಇನ್ನೊಬ್ಬನ ನೆಲವು ಮುಳುಗಿದರೆ ಕಾನೂನು ಏನು ಹೇಳುತ್ತದೆ? ಇವರು ಕೇಳಿದ್ದು ಉಷ್ಣಮಾನದ ಲೆಕ್ಕವನ್ನಲ್ಲ, ಹಕ್ಕುಬಾಧ್ಯತೆಗಳ ಲೆಕ್ಕವನ್ನು. ತಮ್ಮ ಪ್ರಶ್ನೆಯನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಇಡಬೇಕೆಂದು ದ್ವೀಪಗಳ ಸರಕಾರಗಳಿಗೆ ಬರೆದರು. ವಿದ್ಯಾರ್ಥಿಗಳ ಹುಮ್ಮಸ್ಸೆಂದು ನಕ್ಕವರೂ ಇದ್ದಿರಬಹುದು. ವನವಾಟು ಸರಕಾರವು ನಗಲಿಲ್ಲ. ಹಲವು ವರ್ಷಗಳ ಓಡಾಟದ ನಂತರ ೨೦೨೩ರ ಮಾರ್ಚಿ ೨೯ರಂದು ವಿಶ್ವಸಂಸ್ಥೆಯ ಮಹಾಸಭೆಯು ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಲು ಒಮ್ಮತದಿಂದ ನಿರ್ಣಯಿಸಿತು. ಅದೇ ತಿಂಗಳ ಮೊದಲ ವಾರದಲ್ಲಿ ಆ ನಾಡಿನ ಮೇಲೆ ಎರಡು ಚಂಡಮಾರುತಗಳು ಒಂದರ ಹಿಂದೊಂದು ಎರಗಿದ್ದುವು. ೨೦೨೫ರ ಜುಲೈ ೨೩ರಂದು ನ್ಯಾಯಾಧೀಶರು ಏಕಾಭಿಪ್ರಾಯದಿಂದ ತಮ್ಮ ಸಲಹೆಯನ್ನು ಕೊಟ್ಟರು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಔದಾರ್ಯಕ್ಕೆ ಬಿಟ್ಟ ಮಾತಲ್ಲ, ಕಾನೂನಿನ ಕರ್ತವ್ಯ, ಶುದ್ಧವೂ ಆರೋಗ್ಯಕರವೂ ಆದ ಪರಿಸರವಿಲ್ಲದೆ ಮನುಷ್ಯನ ಇತರ ಹಕ್ಕುಗಳೂ ನಿಲ್ಲವು. ಸಲಹೆಗೆ ಬಲಾತ್ಕಾರದ ಶಕ್ತಿಯಿಲ್ಲ. ಆದರೂ ಒಂದು ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯು ಅಷ್ಟು ದೂರ ನಡೆದುದು ಸಾಮಾನ್ಯವಲ್ಲ.

ವಿವಾಹದಲ್ಲಿ ಪುರೋಹಿತರು ವಧುವಿಗೆ ಅರುಂಧತಿಯನ್ನು ತೋರಿಸುವ ಕ್ರಮವನ್ನು ವಾಚಕರು ಬಲ್ಲರು. ಅರುಂಧತಿಯು ಸಣ್ಣ ಚುಕ್ಕೆ. ಆದುದರಿಂದ ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಅಲ್ಲಿಂದ ಕಣ್ಣನ್ನು ಮೆಲ್ಲನೆ ಸರಿಸುತ್ತಾರೆ. ಈ ಎಳೆಯರಿಗೂ ಆದುದು ಇದೇ. ಮೊದಲು ಕಂಡದ್ದು ಆಕಾಶ. ಆಕಾಶವನ್ನು ನೋಡುತ್ತ ನೋಡುತ್ತ ಕಣ್ಣಿಗೆ ಬಿದ್ದವನು ಅದರ ಕೆಳಗೆ ನಿಂತ ಮನುಷ್ಯ. ಕೆಲವು ವೇಳೆ ಅವನು ತಮ್ಮ ಪಕ್ಕದಲ್ಲಿಯೇ ಇದ್ದನು. ೨೦೨೦ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸಿನಲ್ಲಿ ಐವರು ತರುಣಿಯರು ಒಟ್ಟಿಗೆ ನಿಂತು ತೆಗೆಸಿಕೊಂಡ ಛಾಯಾಚಿತ್ರದಿಂದ, ಉಗಾಂಡಾದ ವನೆಸಾ ನಕಾಟೆ ಒಬ್ಬಳನ್ನೇ ಒಂದು ವಾರ್ತಾಸಂಸ್ಥೆಯು ಕತ್ತರಿಸಿ ಪ್ರಕಟಿಸಿತು. ಅವರಲ್ಲಿ ಆಫ್ರಿಕದವಳು ಆಕೆಯೊಬ್ಬಳೇ. ಸಂಸ್ಥೆಯು ಅನಂತರ ವಿಷಾದಿಸಿತು. ಯಾರ ಮಾತು ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಆ ಬಳಿಕ ಹೊರಗಿನದೆಂದು ಹೇಳುವುದು ಹೇಗೆ?

ಬೆಂಗಳೂರಿನ ದಿಶಾ ರವಿಯ ಸಂಗತಿಯೂ ಇದೇ ಜಾತಿಯದು. ಹವಾಮಾನದ ಕೆಲಸದಲ್ಲಿದ್ದ ಈ ಇಪ್ಪತ್ತೆರಡರ ತರುಣಿಯನ್ನು, ರೈತರ ಹೋರಾಟವನ್ನು ಬೆಂಬಲಿಸುವ ಒಂದು ಕೈಪಿಡಿಯನ್ನು ತಿದ್ದಿ ಹಂಚಿದಳೆಂದು, ರಾಜದ್ರೋಹದ ಆಪಾದನೆಯೊಡನೆ ದೆಹಲಿಯ ಪೋಲೀಸರು ೨೦೨೧ರ ಫೆಬ್ರವರಿ ೧೩ರಂದು ಹಿಡಿದೊಯ್ದರು. ಸಾಕ್ಷ್ಯವು ತೀರ ದುರ್ಬಲವೆಂದು ನ್ಯಾಯಾಧೀಶರು ೨೩ರಂದು ಜಾಮೀನು ಕೊಟ್ಟರು. ಹವಾಮಾನದವಳಿಗೆ ರೈತರ ಗೊಡವೆ ಏಕೆಂದು ಕೇಳಿದವರುಂಟು. ಮಳೆಗೂ ರೈತನಿಗೂ ಏನು ಸಂಬಂಧವೆಂದು ಕನ್ನಡನಾಡಿನ ಯಾವ ಮನೆಯಲ್ಲಿಯೂ ಕೇಳಬೇಕಾಗಿಲ್ಲ.

ಆದರೆ ಅರುಂಧತಿಯ ಉಪಮಾನವನ್ನು ಕೊನೆಯವರೆಗೆ ಎಳೆಯಲಾಗದು. ಅಲ್ಲಿ ಅರುಂಧತಿಯು ಕಂಡೊಡನೆ ದೊಡ್ಡ ನಕ್ಷತ್ರದ ಕೆಲಸ ಮುಗಿಯಿತು; ಅದನ್ನು ಬಿಟ್ಟುಬಿಡಬಹುದು. ಇಲ್ಲಿ ಮೊದಲಿನದನ್ನು ಬಿಡುವಂತಿಲ್ಲ. ಯುದ್ಧಗಳು ನಿಂತರೂ ನಿಲ್ಲದಿದ್ದರೂ ಆಕಾಶದಲ್ಲಿ ಅಂಗಾರಾಮ್ಲವು ಕೂಡುತ್ತಲೇ ಇರುತ್ತದೆ. ವನವಾಟುವಿನ ವಿದ್ಯಾರ್ಥಿಗಳು ಹಕ್ಕಿನ ಭಾಷೆಯನ್ನಾಡಿದುದು ಹವಾಮಾನವನ್ನು ಬಿಟ್ಟಲ್ಲ, ಅದರ ಬೇರನ್ನು ಹಿಡಿದು. ಅವರು ಯಾರಿಗೂ ಹೊಸದಾಗಿ ಒಪ್ಪಿಸಬೇಕಾದುದು ಏನೂ ಇರಲಿಲ್ಲ. ಗಾಜಾದ ಸಂಕಟವು ಎಷ್ಟೇ ಘೋರವಾದರೂ ಅದು ಹೊಗೆಯಿಂದ ಹುಟ್ಟಿದುದಲ್ಲ. ಅದಕ್ಕಾಗಿ ದನಿಯೆತ್ತಲು ಮನುಷ್ಯತ್ವವೇ ಸಾಕು, ಹವಾಮಾನದ ನೆಪ ಬೇಕಿಲ್ಲ. ನೆಪ ಬೇಡವಾದುದರಿಂದಲೇ, ಹವಾಮಾನಕ್ಕೆಂದು ಕೂಡಿದವರ ತಲೆಗಳನ್ನು ಅದರ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮೊದಲು ಅವರನ್ನು ಕೇಳಬೇಕಾಗಿತ್ತು.

ಹಾಗೆಂದ ಮಾತ್ರಕ್ಕೆ ಆಕೆಯ ಅಂತಃಕರಣಕ್ಕೆ ಬೇಲಿ ಹಾಕುವ ಅಧಿಕಾರವು ಸಭೆಗೆ ಬರುವುದಿಲ್ಲ. ಹದಿನೈದನೆಯ ವಯಸ್ಸಿನ ಸಂಕಲ್ಪವೊಂದಕ್ಕೆ ಇಡೀ ಬಾಳನ್ನೇ ಬರೆದುಕೊಡಬೇಕೆಂದು ಲೋಕವು ಕೇಳುವುದು ಕ್ರೂರ. ೨೦೨೩ರ ಜೂನ್ ೯ರಂದು ಆಕೆ ಶಾಲೆಯನ್ನು ಮುಗಿಸಿದಳು. ಅದೇ ಕೊನೆಯ ಶಾಲಾ ಮುಷ್ಕರ. ಸರಿಯಾಗಿ ಎರಡು ವರ್ಷಗಳ ಬಳಿಕ, ೨೦೨೫ರ ಜೂನ್ ೯ರಂದು, ಗಾಜಾಕ್ಕೆ ಆಹಾರ ಔಷಧಗಳನ್ನು ಹೊತ್ತು ಹೊರಟಿದ್ದ ಮ್ಯಾಡ್ಲೀನ್ ಎಂಬ ಸಣ್ಣ ನೌಕೆಯನ್ನು ಇಸ್ರೇಲಿನ ಸೈನಿಕರು ಕಡಲಿನಲ್ಲಿಯೇ ತಡೆದರು. ಅದರಲ್ಲಿ ಹನ್ನೆರಡು ಮಂದಿ ಇದ್ದರು, ಆಕೆಯೂ ಒಬ್ಬಳು. ಮರುದಿನ ಆಕೆಯನ್ನು ವಿಮಾನದಲ್ಲಿ ಹಿಂದಕ್ಕೆ ಕಳುಹಿಸಿದರು. ಆ ಪ್ರಯಾಣವು ವಿವೇಕದ್ದೋ ಅಲ್ಲವೋ ಎಂದು ವಾದಿಸುವವರು ಎರಡು ಕಡೆಯಲ್ಲಿಯೂ ಇದ್ದಾರೆ. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ವೇದಿಕೆಯೇರಿದವನು ಆ ನೌಕೆಯನ್ನು ಕುರಿತು ತನ್ನ ಆಕ್ಷೇಪವನ್ನು ಹೇಳಲಾರನು. ಅಲ್ಲಿ ಹೋದವರು ಆ ಒಂದು ಕಾರ್ಯಕ್ಕೆಂದೇ, ತಮ್ಮ ತಮ್ಮ ಹೆಸರಿನಲ್ಲಿ, ಅರಿತು ಹತ್ತಿದವರು.