ಸಾಕುನಾಯಿಯ ಸಾವು ಮತ್ತು ಶೋಕದ ಧರ್ಮ

ಮನೆಯವರಲ್ಲೊಂದಾಗಿ ಬದುಕಿದ ನಾಯಿ ಸತ್ತಾಗ ಸೂತಕವಿಲ್ಲ, ತಿಥಿಯಿಲ್ಲ. ಶೋಕ ಮಾತ್ರ ಉಳಿಯುತ್ತದೆ. ಆ ಶೋಕಕ್ಕೆ ಧರ್ಮದಲ್ಲಿ ಎಡೆಯಿದೆಯೇ ಎಂಬ ಪ್ರಶ್ನೆಗೆ ಪರಂಪರೆ ಹಲವು ಬಗೆಯಲ್ಲಿ ಉತ್ತರಿಸಿದೆ.

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹೋಗಲು ಒಪ್ಪುವುದಿಲ್ಲ. ದಾರಿಯಲ್ಲಿ ಸತ್ತುಬಿದ್ದ ತಮ್ಮಂದಿರನ್ನೂ ದ್ರೌಪದಿಯನ್ನೂ ಬಿಟ್ಟು ಬಂದವನಿಗೆ ನಾಯಿಯ ಮೇಲೇಕೆ ಮೋಹ ಎಂದು ಇಂದ್ರ ಕೇಳುತ್ತಾನೆ. ಸತ್ತವರನ್ನು ಬದುಕಿಸುವುದು ತನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ಅವರನ್ನು ತೊರೆದಿಲ್ಲ ಎಂಬುದು ಅವನ ಉತ್ತರ. ಸಾವನ್ನು ತಡೆಯಲಾಗದ್ದು ದೋಷವಲ್ಲ, ಜೀವವಿರುವಾಗ ಕೈಬಿಡುವುದು ದೋಷ ಎಂಬ ಈ ವಿವೇಚನೆ, ಇನ್ನೇನಾದರೂ ಮಾಡಬಹುದಿತ್ತೆಂಬ ಕೊರಗಿಗೂ ಅನ್ವಯಿಸುತ್ತದೆ.

ಜೈನರ ಜೀವಂಧರನ ಕಥೆಯಲ್ಲಿ, ಸಾಯುತ್ತಿರುವ ನಾಯಿಗೆ ಅವನು ಪಂಚನಮಸ್ಕಾರ ಮಂತ್ರವನ್ನು ಕೇಳಿಸುತ್ತಾನೆ. ಅದು ಯಕ್ಷನಾಗಿ ಹುಟ್ಟುತ್ತದೆ. ಕೊನೆಗಳಿಗೆಯಲ್ಲಿ ಜೊತೆಗಿರುವುದೇ ಇಲ್ಲಿ ಧರ್ಮಕಾರ್ಯ.

ಸ್ಮರಣೆಗೂ ಮಾದರಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಮಣಲೇರನೆಂಬ ವೀರ, ಕಾಡುಹಂದಿಯೊಡನೆ ಕಾದಾಡಿ ಮಡಿದ ತನ್ನ ನಾಯಿ ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ದತ್ತಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಗೊರವ (ಶೈವ ಪೂಜಾರಿ) ಉಣ್ಣಬಾರದೆಂದು ಶಾಸನ ವಿಧಿಸುತ್ತದೆ. ಹೀಗೆ ಒಬ್ಬನ ದುಃಖ ಊರಿನ ನಿತ್ಯಾಚರಣೆಯಾಯಿತು.